ಉಣಬಡಿಸುವವರ ಆರೋಗ್ಯ ಯಾರ ಹೊಣೆ?

ಆರೋಗ್ಯವೆಂದೊಡನೆ ನಮ್ಮ ವಿಚಾರವೆಲ್ಲ ನಮ್ಮ ಶರೀರದ ಸುತ್ತಲೇ ಸುತ್ತುತ್ತದೆ. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು ಎಂಬುದನ್ನು ಕುರಿತು ಸಾಕಷ್ಟು ಬರೆಯುತ್ತೇವೆ, ಓದುತ್ತೇವೆ. ಆ ಅನ್ನವನ್ನು ಬೇಯಿಸಿದವರು, ಎಲೆಗೆ ಬಡಿಸಿದವರು, ಎಲ್ಲರೂ ಎದ್ದ ಮೇಲೆ ಪಾತ್ರೆಗಳನ್ನು ಬೆಳಗಿದವರು ಆರೋಗ್ಯವಾಗಿದ್ದಾರೆಯೇ ಎಂದು ಕೇಳಿಕೊಳ್ಳುವುದು ಅಪರೂಪ. ೨೦೨೦ರ ಫೆಬ್ರವರಿ ತಿಂಗಳಿನಲ್ಲಿ ಜಪಾನ್ ದೇಶದ ಯೊಕೊಹಾಮಾ ಬಂದರಿನಲ್ಲಿ ನಿಂತಿದ್ದ ಒಂದು ಹಡಗು ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು. ಕೊರೋನಾ ಮಹಾಮಾರಿಯು ಇನ್ನೂ ನಮ್ಮ ಮನೆಬಾಗಿಲಿಗೆ ಬಂದಿರದ ದಿನಗಳವು. ಅನಂತರ ಬಂದ ದೊಡ್ಡ ಸಂಕಟದಲ್ಲಿ ಆ ಹಡಗಿನ ಕಥೆ ಮರೆತುಹೋಯಿತು. ಅದನ್ನು ಮರೆಯಬಾರದೆಂಬುದೂ, ದಾಸೋಹವನ್ನು ನಿತ್ಯವ್ರತವಾಗಿ ನಡೆಸಿಕೊಂಡು ಬಂದಿರುವ ಮಠಗಳ ಸದ್ಭಕ್ತರಾದ ನಾವು ಅದನ್ನು ವಿಶೇಷವಾಗಿ ನೆನಪಿಡಬೇಕೆಂಬುದೂ ಈ ಲೇಖನದ ಆಶಯ.

ವಿಹಾರಕ್ಕೆ ಹೊರಟವರು

ಆ ಹಡಗಿನ ಹೆಸರು ಡೈಮಂಡ್ ಪ್ರಿನ್ಸೆಸ್. ಸುಮಾರು ೨೯೦ ಮೀಟರ್ ಉದ್ದದ ಈ ವಿಹಾರನೌಕೆಯನ್ನು ನೀರಿನ ಮೇಲೆ ತೇಲುವ ಒಂದು ಪಟ್ಟಣವೆಂದೇ ಹೇಳಬೇಕು. ಅಂತಸ್ತಿನ ಮೇಲೆ ಅಂತಸ್ತು, ನೂರಾರು ಕೊಠಡಿಗಳು, ವಿಶಾಲವಾದ ಭೋಜನಶಾಲೆಗಳು, ನಾಟಕಶಾಲೆ, ಈಜುಕೊಳ, ಅಂಗಡಿ ಸಾಲು ಎಲ್ಲವೂ ಅದರೊಳಗಿದ್ದವು. ೨೦೨೦ರ ಜನವರಿ ೨೦ರಂದು ಅದು ಯೊಕೊಹಾಮಾದಿಂದ ಹೊರಟು ಜಪಾನಿನ ಕಾಗೋಶಿಮಾ, ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್ ಮತ್ತು ಒಕಿನಾವಾಗಳನ್ನು ಸುತ್ತಿ ಎರಡು ವಾರಗಳಲ್ಲಿ ಮರಳಿ ಯೊಕೊಹಾಮಾಕ್ಕೆ ಬರಬೇಕಾಗಿತ್ತು. ಹಡಗಿನಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರವತ್ತು ದಾಟಿದವರು. ದುಡಿಮೆಯ ದಿನಗಳನ್ನು ಮುಗಿಸಿ, ಕೂಡಿಟ್ಟ ಹಣದಲ್ಲಿ ಬಾಳಸಂಗಾತಿಯೊಡನೆ ನಾಲ್ಕು ದೇಶ ನೋಡಿ ಬರೋಣವೆಂದು ಹೊರಟವರೇ ಅವರಲ್ಲಿ ಬಹುಮಂದಿ.

ಅವರ ಜೊತೆಯಲ್ಲಿ ಹಾಂಗ್‌ಕಾಂಗ್‌ನ ವೃದ್ಧರೊಬ್ಬರೂ ಇದ್ದರು. ಅವರು ಜನವರಿ ೨೫ರಂದು ತಮ್ಮ ಊರಿನಲ್ಲಿ ಇಳಿದುಹೋದರು. ಫೆಬ್ರವರಿ ೧ರಂದು ಅವರಿಗೆ ಹೊಸ ಕೊರೋನಾ ವೈರಾಣುವಿನ ಸೋಂಕು ತಗುಲಿರುವುದು ದೃಢಪಟ್ಟಿತು. ಅಷ್ಟರಲ್ಲಿ ಹಡಗು ಮುಂದಿನ ಬಂದರುಗಳನ್ನು ಮುಟ್ಟಿ ಹಿಂದಿರುಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಜನವರಿ ೩೦ರಂದೇ ಜಾಗತಿಕ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಿತ್ತು. ಆದರೂ ಹಡಗಿನೊಳಗೆ ಸಹಭೋಜನಗಳೂ ಮನರಂಜನೆಗಳೂ ಬಹುಮಟ್ಟಿಗೆ ಎಂದಿನಂತೆಯೇ ನಡೆದವು. ಅಪಾಯವು ಕಣ್ಣಿಗೆ ಕಾಣದಿರುವಾಗ ಹಬ್ಬವನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಇದನ್ನು ನಾವು ನಮ್ಮ ಊರುಗಳಲ್ಲಿಯೂ ಕಂಡಿದ್ದೇವೆ.

ಫೆಬ್ರವರಿ ೩ರಂದು ಹಡಗು ಯೊಕೊಹಾಮಾಕ್ಕೆ ಬಂದಿತು. ಯಾರನ್ನೂ ಇಳಿಯಗೊಡದೆ ಜಪಾನಿನ ಆರೋಗ್ಯಾಧಿಕಾರಿಗಳು ತಪಾಸಣೆ ಆರಂಭಿಸಿದರು. ಮೊದಲು ಬಂದ ೩೧ ಜನರ ಪರೀಕ್ಷಾ ವರದಿಗಳಲ್ಲಿ ೧೦ ಜನರಿಗೆ ಸೋಂಕು ಕಂಡುಬಂದಿತು. ಫೆಬ್ರವರಿ ೫ರ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಕಪ್ತಾನರ ಪ್ರಕಟಣೆ ಕೇಳಿಬಂದಿತು. ಪ್ರಯಾಣಿಕರು ಇನ್ನು ೧೪ ದಿನ ತಮ್ಮ ತಮ್ಮ ಕೊಠಡಿಗಳಲ್ಲಿಯೇ ಇರತಕ್ಕದ್ದು. ಆಗ ಹಡಗಿನಲ್ಲಿದ್ದವರು ಒಟ್ಟು ೩,೭೧೧ ಜನ. ಅವರಲ್ಲಿ ಪ್ರಯಾಣಿಕರು ೨,೬೬೬, ಸಿಬ್ಬಂದಿ ೧,೦೪೫. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ. ಮುಂದಿನ ಮಾತೆಲ್ಲ ಇವುಗಳ ನಡುವಣ ಅಂತರವನ್ನು ಕುರಿತದ್ದು.

ಮುಚ್ಚಿದ ಬಾಗಿಲುಗಳು

ಸೋಂಕು ಬಂದಿರಬಹುದಾದವರನ್ನು ಕೆಲವು ದಿನ ಪ್ರತ್ಯೇಕವಾಗಿರಿಸುವ ಪದ್ಧತಿ ಹಳೆಯದು. ೧೩೭೭ರಲ್ಲಿ ಆಡ್ರಿಯಾಟಿಕ್ ಕರಾವಳಿಯ ರಗೂಸಾ ಪಟ್ಟಣವು ಪ್ಲೇಗು ಹಬ್ಬಿದ ಸ್ಥಳಗಳಿಂದ ಬಂದವರನ್ನು ೩೦ ದಿನ ಊರ ಹೊರಗೆ ಇರಿಸುವ ನಿಯಮ ಮಾಡಿತು. ಮುಂದೆ ಆ ಅವಧಿ ೪೦ ದಿನಗಳಿಗೆ ಏರಿತು. ಇಟಲಿಯ ಭಾಷೆಯಲ್ಲಿ ನಲವತ್ತು ಎಂಬ ಅರ್ಥದ ಮಾತಿನಿಂದಲೇ ಕ್ವಾರಂಟೈನ್ ಎಂಬ ಶಬ್ದ ಹುಟ್ಟಿತು. ಈ ಪದ್ಧತಿಯ ತಿರುಳು ಸರಳವಾದುದು: ಬಂದವನು ಇತರರೊಡನೆ ಬೆರೆಯದೆ ಇದ್ದರೆ ರೋಗವು ಅವನಲ್ಲಿಯೇ ಕೊನೆಗೊಳ್ಳುತ್ತದೆ. ಬೆರೆಯದೆ ಇರುವುದೆಂಬ ಆ ಒಂದು ನಿಬಂಧನೆ ಎಲ್ಲಿ ಸಡಿಲವಾಗುತ್ತದೆಯೋ ಅಲ್ಲಿ ಉಳಿದ ವ್ಯವಸ್ಥೆಯೆಲ್ಲ ಸಡಿಲವಾಗುತ್ತದೆ.

ಕೊಠಡಿಯೊಳಗಿನ ಆ ದಿನಗಳು ಸುಲಭವಾಗಿರಲಿಲ್ಲ. ಹೆಚ್ಚು ಹಣ ಕೊಟ್ಟವರಿಗೆ ಸಮುದ್ರದ ಕಡೆಗೆ ತೆರೆಯುವ ಬಾಲ್ಕನಿ ಇತ್ತು. ಕಡಿಮೆ ದರದ ಒಳಕೊಠಡಿಗಳಲ್ಲಿದ್ದವರಿಗೆ ಒಂದು ಕಿಟಕಿಯೂ ಇರಲಿಲ್ಲ. ಅಂತಹವರನ್ನು ಸರದಿಯಂತೆ ಸ್ವಲ್ಪ ಹೊತ್ತು ಮೇಲಿನ ಅಂತಸ್ತಿಗೆ ಗಾಳಿಗಾಗಿ ಬಿಡುತ್ತಿದ್ದರು. ಮುಖಕ್ಕೆ ಮಾಸ್ಕ್ ಧರಿಸಿ ಒಬ್ಬರಿಂದೊಬ್ಬರು ದೂರ ನಿಂತು ನಡೆದು ಮರಳಬೇಕಾಗಿತ್ತು. ಎಲ್ಲರಿಗೂ ಜ್ವರಮಾಪಕಗಳನ್ನು ಹಂಚಿ ದಿನವೂ ತಾಪಮಾನ ನೋಡಿಕೊಳ್ಳುವಂತೆ ತಿಳಿಸಲಾಗಿತ್ತು. ಆದರೆ ಜ್ವರಕ್ಕಿಂತ ಮೊದಲು ಬಹುಜನರನ್ನು ಕಾಡಿದ್ದು ನಿತ್ಯದ ಔಷಧಗಳ ಕೊರತೆ. ಎರಡು ವಾರದ ಪ್ರವಾಸಕ್ಕೆಂದು ಲೆಕ್ಕ ಹಾಕಿ ತಂದಿದ್ದ ರಕ್ತದೊತ್ತಡದ, ಮಧುಮೇಹದ, ಹೃದ್ರೋಗದ ಮಾತ್ರೆಗಳು ಮುಗಿಯತೊಡಗಿದವು. ಬೇಡಿಕೆಯ ಚೀಟಿಗಳು ರಾಶಿಯಾದವು. ಯಾವ ದೇಶದ ಮಾತ್ರೆಗೆ ಜಪಾನಿನಲ್ಲಿ ಯಾವ ಹೆಸರು ಎಂಬುದನ್ನು ಹುಡುಕಿ ತಲುಪಿಸುವುದರಲ್ಲಿ ದಿನಗಳು ಕಳೆದವು. ವೈದ್ಯರೊಡನೆ ಮಾತನಾಡಲು ಅನುಕೂಲವಾಗಲೆಂದು ಜಪಾನ್ ಸರ್ಕಾರ ಕೊಠಡಿಗಳಿಗೆ ಸುಮಾರು ಎರಡು ಸಾವಿರ ಮೊಬೈಲ್ ಫೋನುಗಳನ್ನು ಹಂಚಿತು.

ದಿನದಿನಕ್ಕೂ ಸೋಂಕಿತರ ಸಂಖ್ಯೆ ಏರುತ್ತಿತ್ತು. ಒಂದು ಹಂತದಲ್ಲಿ ಚೀನಾದ ಹೊರಗೆ ಪತ್ತೆಯಾಗಿದ್ದ ಒಟ್ಟು ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಹಡಗಿನವಾಗಿದ್ದವು. ಕೊನೆಗೆ ೭೧೨ ಜನರಿಗೆ ಸೋಂಕು ದೃಢಪಟ್ಟಿತು. ಹನ್ನೆರಡಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಪರೀಕ್ಷೆಯ ಹೊತ್ತಿನಲ್ಲಿ ಯಾವ ರೋಗಲಕ್ಷಣವೂ ಇರಲಿಲ್ಲ. ಜ್ವರವಿಲ್ಲದವನೂ ಕೆಮ್ಮದವನೂ ಸೋಂಕನ್ನು ಹೊತ್ತಿರಬಲ್ಲನೆಂಬ ಅರಿವು ಜಗತ್ತಿಗೆ ಬಂದುದರಲ್ಲಿ ಈ ಹಡಗಿನ ಪಾಲು ದೊಡ್ಡದು.

ನಡುವೆ ನಡೆದಾಡಿದವರು

ಈಗ ಆ ೧,೦೪೫ ಜನರ ವಿಷಯಕ್ಕೆ ಬರೋಣ. ಎರಡು ಸಾವಿರದ ಆರುನೂರಕ್ಕೂ ಮಿಕ್ಕ ಜನ ಕೊಠಡಿಯಲ್ಲಿಯೇ ಕುಳಿತಿರಬೇಕಾದರೆ ಅವರಿಗೆ ಹೊತ್ತುಹೊತ್ತಿಗೆ ಊಟವನ್ನು ಯಾರಾದರೂ ತಂದುಕೊಡಲೇಬೇಕು. ಅಡುಗೆಯಾಗಬೇಕು, ತಟ್ಟೆಗಳು ಮರಳಿ ಬರಬೇಕು, ತೊಳೆಯಬೇಕು, ಬಟ್ಟೆ ಒಗೆಯಬೇಕು, ಕಸ ಸಾಗಿಸಬೇಕು, ಯಂತ್ರಗಳು ನಡೆಯಬೇಕು. ಈ ಕೆಲಸಗಳೆಲ್ಲ ಹಡಗಿನ ಸಿಬ್ಬಂದಿಯ ಪಾಲಿಗೆ ಬಂದವು. ಅವರಲ್ಲಿ ಅರ್ಧದಷ್ಟು ಜನ ಫಿಲಿಪ್ಪೀನ್ಸ್ ದೇಶದವರು. ನಮ್ಮ ಭಾರತದವರು ೧೩೨ ಜನ. ಇಂಡೋನೇಷ್ಯಾ ಮೊದಲಾದ ಇತರ ದೇಶಗಳವರೂ ಇದ್ದರು. ಮನೆಯ ಸಾಲ ತೀರಿಸಲೆಂದು, ತಂಗಿಯ ಮದುವೆಗೆಂದು, ಮಕ್ಕಳ ಓದಿಗೆಂದು ವರ್ಷದಲ್ಲಿ ಹಲವು ತಿಂಗಳು ಸಮುದ್ರದ ಮೇಲೆಯೇ ದುಡಿಯುವ ಜನ ಇಂತಹ ಹಡಗುಗಳಲ್ಲಿ ತುಂಬಿರುತ್ತಾರೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದಲೂ ಯುವಕರು ಈ ಕೆಲಸಕ್ಕೆ ಹೋಗುತ್ತಾರೆ.

ಪ್ರಯಾಣಿಕರಿಗೆ ದೊರೆತ ಪ್ರತ್ಯೇಕತೆ ಈ ಜನರಿಗೆ ದೊರೆಯಲಿಲ್ಲ. ಅವರು ವಾಸಿಸುತ್ತಿದ್ದ ಕೊಠಡಿಗಳು ಹಂಚಿಕೊಂಡ ಕೊಠಡಿಗಳು. ಅವರು ಉಣ್ಣುತ್ತಿದ್ದುದು ಒಂದೇ ಭೋಜನಶಾಲೆಯಲ್ಲಿ, ಒಟ್ಟಿಗೆ. ಅಡುಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ದುಡಿಯುವುದು ತಪ್ಪಲಿಲ್ಲ. ಮೊದಲು ಸೋಂಕು ದೃಢಪಟ್ಟ ೨೦ ಸಿಬ್ಬಂದಿಯನ್ನು ಕುರಿತು ತಜ್ಞರು ವಿಚಾರಣೆ ನಡೆಸಿದಾಗ ಅವರಲ್ಲಿ ೧೫ ಜನ ಊಟೋಪಚಾರದ ವಿಭಾಗದವರೆಂದು ತಿಳಿಯಿತು. ಆ ೨೦ರಲ್ಲಿ ೧೬ ಜನರ ಕೊಠಡಿಗಳು ಮೂರನೆಯ ಅಂತಸ್ತಿನಲ್ಲಿದ್ದವು. ಊಟೋಪಚಾರದ ನೌಕರರು ವಾಸಿಸುತ್ತಿದ್ದ ಅಂತಸ್ತು ಅದೇ. ಪ್ರಯಾಣಿಕರ ಬಾಗಿಲುಗಳು ಮುಚ್ಚಿದ್ದವು, ಆದರೆ ಬಡಿಸುವವರ ನಡುವೆ ಯಾವ ಬಾಗಿಲೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಒಟ್ಟು ಲೆಕ್ಕದಲ್ಲಿ ಹೆಚ್ಚು ಸೋಂಕಿತರಾದವರು ಪ್ರಯಾಣಿಕರೇ. ೭೧೨ರಲ್ಲಿ ೫೬೭ ಜನ ಪ್ರಯಾಣಿಕರು, ೧೪೫ ಜನ ಸಿಬ್ಬಂದಿ. ಆದರೆ ಪ್ರಯಾಣಿಕರಲ್ಲಿ ಬಹುಪಾಲು ಸೋಂಕು ಫೆಬ್ರವರಿ ೫ಕ್ಕಿಂತ ಮೊದಲೇ, ಹಬ್ಬದ ದಿನಗಳಲ್ಲಿಯೇ ಹರಡಿತ್ತೆಂದು ಜಪಾನಿನ ತಜ್ಞರ ವಿಶ್ಲೇಷಣೆ ತಿಳಿಸಿತು. ಬಾಗಿಲು ಮುಚ್ಚಿದ ಮೇಲೆ ಪ್ರಯಾಣಿಕರಲ್ಲಿ ಹೊಸ ಸೋಂಕು ಇಳಿಮುಖವಾಯಿತು. ಆಮೇಲೆ ಅದು ಮುಂದುವರಿದದ್ದು ಮುಖ್ಯವಾಗಿ ಎರಡು ಕಡೆ: ಒಂದೇ ಕೊಠಡಿಯಲ್ಲಿದ್ದ ಸಂಗಾತಿಗಳ ನಡುವೆ ಹಾಗೂ ಸಿಬ್ಬಂದಿಯ ನಡುವೆ. ಅಂದರೆ ಕ್ವಾರಂಟೈನ್ ವ್ಯರ್ಥವಾಗಲಿಲ್ಲ. ಯಾರಿಗೆ ಅದು ದೊರೆಯಿತೋ ಅವರನ್ನು ಕಾಪಾಡಿತು. ಯಾರಿಗೆ ದೊರೆಯಲಿಲ್ಲವೋ ಅವರನ್ನು ಕಾಪಾಡಲಿಲ್ಲ. ಔಷಧವು ಕುಡಿದವನಿಗೆ ಮಾತ್ರ ಗುಣ ಕೊಡುವಂತೆ ಇದು ಸಹಜವಾದ ಸಂಗತಿ. ಹಾಗಿದ್ದರೂ ಸಾವಿರ ಜನರ ಮಟ್ಟಿಗೆ ಇದನ್ನು ಯಾರೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭಾರತೀಯ ಸಿಬ್ಬಂದಿಯಲ್ಲಿ ಕೆಲವರು ತಮ್ಮನ್ನು ಅಲ್ಲಿಂದ ಬಿಡಿಸಬೇಕೆಂದು ವಿಡಿಯೊ ಮೂಲಕ ನಮ್ಮ ಪ್ರಧಾನಮಂತ್ರಿಗಳಿಗೆ ಮೊರೆಯಿಟ್ಟರು. ಸೋಂಕು ತಗುಲದವರನ್ನಾದರೂ ಬೇರೆಮಾಡಿ ಎಂಬುದು ಅವರ ಪ್ರಾರ್ಥನೆಯಾಗಿತ್ತು. ಫೆಬ್ರವರಿ ೧೮ರಂದು ಹಡಗನ್ನು ಹತ್ತಿ ನೋಡಿದ ಕೋಬೆ ವಿಶ್ವವಿದ್ಯಾಲಯದ ಸೋಂಕುರೋಗ ತಜ್ಞ ಕೆಂಟಾರೊ ಇವಾಟಾ ಅವರು, ಸೋಂಕಿರುವ ಭಾಗ ಯಾವುದು, ಸೋಂಕಿಲ್ಲದ ಭಾಗ ಯಾವುದು ಎಂಬ ಗೆರೆಯೇ ಅಲ್ಲಿ ಇಲ್ಲವೆಂದು ಬಹಿರಂಗವಾಗಿ ಟೀಕಿಸಿದರು. ಜಪಾನಿನ ಅಧಿಕಾರಿಗಳು ಈ ಟೀಕೆಯನ್ನು ಒಪ್ಪಲಿಲ್ಲ. ಆದರೆ ತಪಾಸಣೆಗೆಂದು ಹೋಗಿದ್ದ ಕ್ವಾರಂಟೈನ್ ಅಧಿಕಾರಿಯೊಬ್ಬರಿಗೂ ಸೋಂಕು ತಗುಲಿತ್ತೆಂಬುದು ನಿಜ. ಸೇವೆಗೆ ನಿಂತವರ ರಕ್ಷಣೆ ಎಲ್ಲ ಹಂತಗಳಲ್ಲಿಯೂ ಹಿಂದೆ ಬಿದ್ದಿತ್ತು.

ಫೆಬ್ರವರಿ ೧೯ರಿಂದ ಸೋಂಕಿಲ್ಲದ ಪ್ರಯಾಣಿಕರು ಇಳಿಯತೊಡಗಿದರು. ಸಿಬ್ಬಂದಿಯಲ್ಲಿ ಹೆಚ್ಚಿನವರು ಅವರ ನಂತರವೇ ಇಳಿದರು. ಪ್ರಯಾಣಿಕರ ಹದಿನಾಲ್ಕು ದಿನಗಳು ಮುಗಿದಾಗ, ಆ ದಿನಗಳಲ್ಲೆಲ್ಲ ದುಡಿಯುತ್ತಲೇ ಇದ್ದವರ ಪ್ರತ್ಯೇಕವಾಸ ಇನ್ನು ಆರಂಭವಾಗಬೇಕಾಗಿತ್ತು. ಹಡಗಿನಲ್ಲಿದ್ದ ೧೩೮ ಭಾರತೀಯರಲ್ಲಿ ೧೬ ಜನರಿಗೆ ಸೋಂಕು ತಗುಲಿತ್ತು. ಫೆಬ್ರವರಿ ೨೭ರಂದು ಏರ್ ಇಂಡಿಯಾದ ವಿಶೇಷ ವಿಮಾನವು ೧೧೯ ಭಾರತೀಯರನ್ನೂ ನೆರೆಯ ಶ್ರೀಲಂಕಾ ಮತ್ತು ನೇಪಾಳ ಸೇರಿದಂತೆ ಇತರ ದೇಶಗಳ ಐವರನ್ನೂ ದೆಹಲಿಗೆ ಕರೆತಂದಿತು. ಅವರನ್ನು ಹರಿಯಾಣದ ಮಾನೇಸರದಲ್ಲಿರುವ ಸೇನೆಯ ಕೇಂದ್ರದಲ್ಲಿ ಮತ್ತೆ ಹದಿನಾಲ್ಕು ದಿನ ಇರಿಸಲಾಯಿತು. ಮಾರ್ಚ್ ೧ರಂದು ಕಪ್ತಾನ ಜೆನ್ನಾರೊ ಆರ್ಮಾ ಅವರು ಎಲ್ಲರೂ ಇಳಿದ ಮೇಲೆ ಕೊನೆಯವರಾಗಿ ಹಡಗಿನಿಂದ ಇಳಿದರು.

ದೂಷಣೆಗಿಂತ ವಿವೇಚನೆ

ಜಪಾನನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ೩,೭೧೧ ಜನರನ್ನು ಒಮ್ಮೆಗೇ ಇಳಿಸಿ ಒಬ್ಬೊಬ್ಬರಿಗೂ ಒಂದೊಂದು ಕೊಠಡಿ ಕೊಡಬಲ್ಲ ಸ್ಥಳ ತಕ್ಷಣ ಸಿಗುವಂತಹುದಲ್ಲ. ಪರೀಕ್ಷಾ ಸಾಮಗ್ರಿಗಳೇ ಆಗ ಮಿತವಾಗಿದ್ದವು. ರೋಗದ ಹೆಸರನ್ನು ಸಹ ವಿಶ್ವ ಆರೋಗ್ಯ ಸಂಸ್ಥೆ ಇಟ್ಟದ್ದು ಫೆಬ್ರವರಿ ೧೧ರಂದು, ಹಡಗಿನ ಬಾಗಿಲು ಮುಚ್ಚಿ ಆರು ದಿನಗಳಾದ ಮೇಲೆ. ಅದೇ ದಿನಗಳಲ್ಲಿ ವೆಸ್ಟರ್‌ಡ್ಯಾಂ ಎಂಬ ಮತ್ತೊಂದು ಹಡಗು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ಜಪಾನ್, ತೈವಾನ್, ಫಿಲಿಪ್ಪೀನ್ಸ್, ಗುವಾಮ್, ಥಾಯ್ಲೆಂಡ್ ಎಲ್ಲೆಡೆಯೂ ತಿರಸ್ಕೃತವಾಗಿ ಕಡಲಿನಲ್ಲಿ ಅಲೆಯಿತು. ಕೊನೆಗೆ ಫೆಬ್ರವರಿ ೧೩ರಂದು ಕಾಂಬೋಡಿಯಾ ಅದಕ್ಕೆ ತನ್ನ ಬಂದರನ್ನು ತೆರೆಯಿತು. ಆ ಹಡಗಿನಲ್ಲಿ ಸೋಂಕು ಹಬ್ಬಿರಲಿಲ್ಲವೆಂಬುದು ಆಮೇಲೆ ತಿಳಿದುಬಂದಿತು. ಭಯವು ವಿವೇಚನೆಯನ್ನು ಮೀರಿದ್ದ ಅಂತಹ ಹೊತ್ತಿನಲ್ಲಿ ಜಪಾನ್ ಹಡಗನ್ನು ಅಟ್ಟದೆ ನಿಲ್ಲಿಸಿಕೊಂಡು ರೋಗಿಗಳನ್ನು ತನ್ನ ಆಸ್ಪತ್ರೆಗಳಿಗೆ ಸೇರಿಸಿಕೊಂಡಿತು. ಇದಕ್ಕೆ ಕೃತಜ್ಞತೆ ಸಲ್ಲಬೇಕು.

ಕೊಠಡಿಗಳಲ್ಲಿದ್ದವರಿಗೆ ಊಟ ಕೊಡುವವರು ಬೇರೆ ಯಾರೂ ಇರಲಿಲ್ಲವಲ್ಲ, ಸಿಬ್ಬಂದಿಯೂ ಬಾಗಿಲು ಹಾಕಿಕೊಂಡರೆ ಹಡಗು ನಡೆಯುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅನಿವಾರ್ಯವಾದ ಕೆಲಸ ಬೇರೆ, ಅದನ್ನು ಮಾಡುವವರನ್ನು ಅರಕ್ಷಿತರಾಗಿ ಬಿಡುವುದು ಬೇರೆ. ಯಾರ ಕೆಲಸವಿಲ್ಲದೆ ಒಂದು ದಿನವೂ ನಡೆಯದೋ ಅವರ ಪರೀಕ್ಷೆ ಮೊದಲು ಆಗಬೇಕಾಗಿತ್ತು. ಅವರ ಮಲಗುವ ಸ್ಥಳವನ್ನು ಮೊದಲು ವಿಂಗಡಿಸಬೇಕಾಗಿತ್ತು. ಅವರ ಊಟದ ಹೊತ್ತನ್ನು ತಂಡತಂಡವಾಗಿ ಬೇರ್ಪಡಿಸಬೇಕಾಗಿತ್ತು. ಅನಿವಾರ್ಯರಾದವರೇ ಲೆಕ್ಕದಲ್ಲಿ ಕೊನೆಯವರಾದದ್ದು ಅಲ್ಲಿನ ಲೋಪ. ಈ ಲೋಪ ಜಪಾನಿನದು ಮಾತ್ರವಲ್ಲ, ಎಲ್ಲ ಸಮಾಜಗಳದು.

ಶರಣರ ದೃಷ್ಟಿಯಲ್ಲಿ

ಹನ್ನೆರಡನೆಯ ಶತಮಾನದ ಶರಣರು ಕಾಯಕಜೀವಿಯನ್ನು ಸಮಾಜದ ಅಂಚಿನಿಂದ ತಂದು ನಡುವೆ ಕೂರಿಸಿದರು. ಮಡಿವಾಳ ಮಾಚಿದೇವರು, ನುಲಿಯ ಚಂದಯ್ಯನವರು, ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರಿನಿಂದಲೇ ನಮಗೆ ಪೂಜ್ಯರಾಗಿದ್ದಾರೆ. ದೋಣಿ ನಡೆಸುವವನಿಗೂ ಅರಸನ ಭಂಡಾರವನ್ನು ನೋಡಿಕೊಳ್ಳುವವನಿಗೂ ಅನುಭವ ಮಂಟಪದಲ್ಲಿ ಒಂದೇ ಹಾಸು. ಈ ಪರಂಪರೆಯಲ್ಲಿ ಬೆಳೆದವರು ಡೈಮಂಡ್ ಪ್ರಿನ್ಸೆಸ್ ಹಡಗಿನ ಅಂತಸ್ತುಗಳನ್ನು ನೋಡಿದಾಗ ಬಾಲ್ಕನಿಯವರು, ಒಳಕೊಠಡಿಯವರು, ಮೂರನೆಯ ಅಂತಸ್ತಿನವರು ಎಂಬ ಶ್ರೇಣಿಯನ್ನು ಗುರುತಿಸದೆ ಇರಲಾರರು. ಶ್ರೇಣಿಯನ್ನು ವೈರಾಣು ಗೌರವಿಸುವುದಿಲ್ಲ. ಮೂರನೆಯ ಅಂತಸ್ತಿನಲ್ಲಿ ಉಳಿದ ಸೋಂಕು ಮೇಲಿನ ಅಂತಸ್ತುಗಳಿಗೂ ಅಪಾಯವೇ. ಕಾಯಕಜೀವಿಯ ರಕ್ಷಣೆಯನ್ನು ಶರಣರು ಧರ್ಮವೆಂದು ಸಾರಿದರು. ಇಂದಿನ ವೈದ್ಯವಿಜ್ಞಾನವು ಅದನ್ನೇ ಎಲ್ಲರ ಸುರಕ್ಷತೆಯ ಮಾರ್ಗವೆಂದು ಹೇಳುತ್ತಿದೆ.

ನಮ್ಮ ಭಕ್ತರಲ್ಲಿ ಕೆಲವರ ಮನಸ್ಸಿನಲ್ಲಿರುವ ಒಂದು ಸಂದೇಹವನ್ನು ಇಲ್ಲಿಯೇ ಪರಿಹರಿಸಿಕೊಳ್ಳುವುದು ಒಳಿತು. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು, ಉಚ್ಛಿಷ್ಟಸೂತಕವೂ ನಮಗಿಲ್ಲ, ಹೀಗಿರುವಾಗ ಅಡುಗೆಯವರಿಗೆ ಜ್ವರವಿದೆ, ಅವರು ದಾಸೋಹದ ಮನೆಗೆ ಬರಬಾರದು ಎನ್ನುವುದು ಮತ್ತೆ ಮಡಿಮೈಲಿಗೆಯನ್ನು ತಂದಂತಾಗುವುದಿಲ್ಲವೇ? ಪ್ರಸಾದದಿಂದ ರೋಗ ಬರುವುದೆಂದರೆ ಪ್ರಸಾದಕ್ಕೆ ಅಪಚಾರವಲ್ಲವೇ?

ಆಗುವುದಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಸೂತಕವು ಮನುಷ್ಯನ ಹುಟ್ಟಿಗೆ, ಸ್ತ್ರೀಯ ದೇಹಧರ್ಮಕ್ಕೆ, ಮನೆಯಲ್ಲಾದ ಸಾವಿಗೆ ಅಂಟಿಸಿದ ಹೀನಾಯದ ಮುದ್ರೆ. ಅದಕ್ಕೆ ಆಧಾರವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಸೋಂಕು ಹಾಗಲ್ಲ. ಅದು ಯಾರಿಗಾದರೂ ಬರಬಹುದಾದ, ಕೆಲವು ದಿನಗಳಲ್ಲಿ ಕಳೆಯುವ ಒಂದು ದೇಹಸ್ಥಿತಿ. ಅವಧಿ ಮುಗಿದೊಡನೆ ಬೇರ್ಪಡೆಯೂ ಮುಗಿಯುತ್ತದೆ. ಬೇರ್ಪಡೆಯ ಕಾಲದಲ್ಲಿ ಆ ವ್ಯಕ್ತಿಗೆ ಊಟ, ಔಷಧ, ಗೌರವ ಎಲ್ಲವೂ ಸಲ್ಲಬೇಕು. ಇವು ಸಲ್ಲದಿದ್ದಲ್ಲಿ ಮಾತ್ರ ಅದು ಸೂತಕವಾಗಿ ಕೆಡುತ್ತದೆ. ಕೊರೋನಾ ಕಾಲದಲ್ಲಿ ಸೋಂಕಿತರ ಮನೆಗಳನ್ನು, ಅವರ ಸೇವೆ ಮಾಡಿದ ದಾದಿಯರನ್ನು ನಮ್ಮ ಜನ ಕಂಡ ರೀತಿಯನ್ನು ನೆನೆದರೆ ನಾವು ಆ ಗೆರೆಯನ್ನು ಎಷ್ಟೋ ಸಲ ದಾಟಿದೆವೆಂದು ತಲೆ ತಗ್ಗಿಸಬೇಕಾಗುತ್ತದೆ. ಇನ್ನು ಪ್ರಸಾದದ ಮಾತು. ಬೆಂದ ಅನ್ನವನ್ನು ಉಂಡದ್ದರಿಂದ ಕೊರೋನಾ ಹರಡಿತೆಂದು ಯಾರೂ ಸಾಧಿಸಿಲ್ಲ. ಆ ಹಡಗಿನಲ್ಲಿಯೂ ಗಾಳಿಯಾಡದ ಸ್ಥಳದಲ್ಲಿ ಹತ್ತಿರ ಹತ್ತಿರ ನಿಂತು ದುಡಿದವರ, ಕೂಡಿ ಉಂಡವರ ಉಸಿರಿನ ಮೂಲಕವೇ ಸೋಂಕು ಸಾಗಿರಬೇಕು. ಅಪಚಾರವಾಗುವುದು ಪ್ರಸಾದವನ್ನು ಸಿದ್ಧಪಡಿಸುವವರ ಬಗ್ಗೆ ನಾವು ತೋರುವ ಉದಾಸೀನದಿಂದ.

ನಮ್ಮ ದಾಸೋಹದ ಮನೆಗಳಲ್ಲಿ

ಮಹಾಮಾರಿ ಕಳೆದುಹೋಯಿತು, ಇನ್ನೇಕೆ ಈ ಮಾತು ಎನ್ನುವಂತಿಲ್ಲ. ಜಾತ್ರೆಯ ದಿನಗಳಲ್ಲಿ ಸಾವಿರಾರು ಜನರಿಗೆ ಅಡುಗೆಯಾಗುತ್ತದೆ. ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳು ದಿನವೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಹಡಗಿನಂತೆಯೇ ಇಲ್ಲಿಯೂ ಒಂದು ಅಡುಗೆಮನೆಯ ಆರೋಗ್ಯಕ್ಕೆ ಸಹಸ್ರ ಜನರ ಆರೋಗ್ಯ ಕಟ್ಟುಬಿದ್ದಿದೆ. ವಿಹಾರನೌಕೆಗಳನ್ನು ಕೊರೋನಾಕ್ಕಿಂತ ಬಹಳ ಮೊದಲಿನಿಂದಲೂ ಕಾಡುತ್ತಿರುವ ನೊರೊವೈರಸ್ ಎಂಬ ವಾಂತಿಭೇದಿಯ ರೋಗಾಣು ಇದೆ. ಅದು ಕೈಗಳಿಂದ, ಆಹಾರದಿಂದ, ನೀರಿನಿಂದ ಬಹುಬೇಗ ಹರಡುತ್ತದೆ. ಜಾತ್ರೆಯ ಊಟದ ಮರುದಿನ ಊರಿನ ಆಸ್ಪತ್ರೆ ತುಂಬಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಮಾಡಬೇಕಾದ ಕೆಲಸಗಳು ಕಠಿಣವಾದುವಲ್ಲ. ಅಡುಗೆಗೂ ಬಡಿಸುವುದಕ್ಕೂ ಬರುವವರನ್ನು ಪ್ರತಿದಿನ ಬೆಳಿಗ್ಗೆ ಜ್ವರ, ಕೆಮ್ಮು, ವಾಂತಿ, ಭೇದಿ, ಕೈಯಲ್ಲಿ ಕೀವುಗಾಯ ಇವೆಯೇ ಎಂದು ಪ್ರೀತಿಯಿಂದ ವಿಚಾರಿಸಬೇಕು. ಇದ್ದವರಿಗೆ ವಿಶ್ರಾಂತಿ ಕೊಡಬೇಕು. ವಾಂತಿಭೇದಿಯಾಗಿದ್ದವರು ಅದು ಪೂರ್ತಿ ನಿಂತ ಮೇಲೂ ಕನಿಷ್ಠ ೪೮ ಗಂಟೆ ಅಡುಗೆಮನೆಯಿಂದ ದೂರವಿರಬೇಕು. ಕೈತೊಳೆಯಲು ಹರಿಯುವ ನೀರು ಮತ್ತು ಸಾಬೂನು ಅಡುಗೆಮನೆಯ ಬಾಗಿಲಲ್ಲಿಯೇ ಇರಬೇಕು. ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸಾಬೂನೇ ಆಗಬೇಕು. ಅಡುಗೆಮನೆಗೂ ಅಡುಗೆಯವರು ಮಲಗುವ ಕೋಣೆಗೂ ಗಾಳಿ ಬೆಳಕು ಬರಬೇಕು. ದಾಸೋಹಭವನಕ್ಕೆ ಅಮೃತಶಿಲೆ ಹಾಸುವ ದಾನಿಗಳು ಹಿಂದಿನ ಆ ಕೋಣೆಗೆ ಎರಡು ಕಿಟಕಿ ಇಡಿಸಿದರೆ ಪುಣ್ಯವೇನೂ ಕಡಿಮೆಯಾಗದು. ಅಡುಗೆಯವರಿಗೆ, ರೊಟ್ಟಿ ಬಡಿಯುವ ತಾಯಂದಿರಿಗೆ, ಪಾತ್ರೆ ತೊಳೆಯುವವರಿಗೆ ವರ್ಷಕ್ಕೊಮ್ಮೆಯಾದರೂ ಮಠದ ವತಿಯಿಂದ ವೈದ್ಯಕೀಯ ತಪಾಸಣೆ ನಡೆಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಜ್ವರ ಬಂದ ದಿನ ರಜೆ ಮಾಡಿದರೆ ಆ ದಿನದ ಕೂಲಿ ಹೋಗುತ್ತದೆಂದಾದರೆ ಯಾರೂ ಜ್ವರವನ್ನು ಹೇಳಿಕೊಳ್ಳುವುದಿಲ್ಲ. ಒಂದು ಮಾತ್ರೆ ನುಂಗಿ ಒಲೆಯ ಮುಂದೆ ಬಂದು ನಿಲ್ಲುತ್ತಾರೆ. ಇದಕ್ಕೆ ಅವರನ್ನು ದೂರುವಂತಿಲ್ಲ, ಮನೆಯಲ್ಲಿ ಮಕ್ಕಳ ಹೊಟ್ಟೆ ಕಾಯುತ್ತಿರುತ್ತದೆ. ಆದ್ದರಿಂದ ಅನಾರೋಗ್ಯದ ದಿನಗಳ ಕೂಲಿಯನ್ನು ಜಾತ್ರಾ ಸಮಿತಿಯೂ ಪ್ರಸಾದನಿಲಯದ ಆಡಳಿತವೂ ತಪ್ಪದೆ ಕೊಡಬೇಕು. ದಾಸೋಹದ ಖರ್ಚಿನ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಬೆಲ್ಲಗಳ ಸಾಲಿನಲ್ಲಿ ಇದೂ ಒಂದು ಸಾಲಾಗಿ ಸೇರಬೇಕು. ಉಳಿದ ಎಲ್ಲ ಎಚ್ಚರಿಕೆಗಳೂ ಈ ಒಂದು ಸಾಲಿನ ಮೇಲೆ ನಿಂತಿವೆ.

ಯಾತ್ರೆಗೆ ಹೊರಡುವ ಹಿರಿಯರಿಗೂ ಆ ಹಡಗಿನಿಂದ ಒಂದು ಕಿವಿಮಾತಿದೆ. ಕೂಡಲಸಂಗಮವಿರಲಿ, ಉಳವಿಯಿರಲಿ, ಶ್ರೀಶೈಲವಿರಲಿ, ನಿತ್ಯದ ಔಷಧಗಳನ್ನು ಪ್ರಯಾಣದ ದಿನಗಳಿಗಿಂತ ಎರಡು ವಾರ ಹೆಚ್ಚಿಗೆ ಇಟ್ಟುಕೊಳ್ಳಿ. ಮಾತ್ರೆಯ ವ್ಯಾಪಾರದ ಹೆಸರಿನ ಜೊತೆಗೆ ಅದರೊಳಗಿನ ಔಷಧದ ಹೆಸರನ್ನೂ ಪ್ರಮಾಣವನ್ನೂ ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಜೇಬಿನಲ್ಲಿಡಿ. ಕೆಮ್ಮು ಜ್ವರಗಳಿದ್ದರೆ ಯಾತ್ರೆಯನ್ನು ಮುಂದೂಡಿ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದವರಿಗೆ ಪೂಜೆಗಾಗಿ ಜನಸಂದಣಿಯೇ ಬೇಕೆಂದಿಲ್ಲ. ಕೊಠಡಿಯಲ್ಲಿ ಒಬ್ಬರೇ ಇರಬೇಕಾಗಿ ಬಂದ ದಿನಗಳಲ್ಲಿಯೂ ನಮ್ಮ ಪೂಜೆಗೆ ಭಂಗವಿಲ್ಲವೆಂಬುದು ನಮಗೆ ಒದಗಿರುವ ಭಾಗ್ಯ.

ಬರಲಿರುವ ಜಾತ್ರೆಯ ಪೂರ್ವಭಾವಿ ಸಭೆಗಳು ಊರೂರುಗಳಲ್ಲಿ ನಡೆಯುತ್ತವೆ. ಎಷ್ಟು ಕ್ವಿಂಟಲ್ ಅಕ್ಕಿ, ಎಷ್ಟು ಸಾವಿರ ರೊಟ್ಟಿ, ಯಾವ ಊರಿನವರಿಗೆ ಯಾವ ದಿನದ ಸೇವೆ ಎಂಬುದೆಲ್ಲ ಅಲ್ಲಿ ನಿರ್ಣಯವಾಗುತ್ತದೆ. ಅದೇ ಸಭೆಯಲ್ಲಿ ಯಾರಾದರೊಬ್ಬ ಸದ್ಭಕ್ತರು ಎದ್ದು, ಅಡುಗೆಯವರು ಎಷ್ಟು ಜನ, ಅವರು ಮಲಗುವುದು ಎಲ್ಲಿ, ಅವರಲ್ಲೊಬ್ಬರಿಗೆ ಜ್ವರ ಬಂದರೆ ಅವರ ಕೂಲಿಯ ಗತಿಯೇನು ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡ ಮೇಲೆಯೇ ಒಲೆಗೆ ಬೆಂಕಿ ಹೊತ್ತಲಿ.